ನಿಮಗಿದು ಗೊತ್ತೆ? ‘ಸೆನ್ಶರ್’ ಹುಟ್ಟಿದ್ದು ಜನಗಣತಿಯಲ್ಲಿ!

ಸದನವು ಸರ್ಕಾರವನ್ನೋ ಸಚಿವರನ್ನೋ ಅಧಿಕೃತವಾಗಿ ಖಂಡಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಸೆನ್ಶರ್’ ಎನ್ನುತ್ತಾರೆ. ಇದರ ಮೂಲ, ‘ಅಂದಾಜು ಕಟ್ಟು, ಅಭಿಪ್ರಾಯ ಕೊಡು’ ಎಂಬರ್ಥದ ಲ್ಯಾಟಿನ್ ಪದ ‘ಸೆನ್ಸೆರೆ’.

ಪ್ರಾಚೀನ ರೋಮ್‌ನಲ್ಲಿ ‘ಸೆನ್ಸಾರ್’ ಹುದ್ದೆ ಶುರುವಾದದ್ದು ಕ್ರಿ.ಪೂ. 443ರಲ್ಲಿ ಎಂಬುದು ಅಲ್ಲಿನ ಇತಿಹಾಸಕಾರರ ಲೆಕ್ಕ. ಇಬ್ಬರು ಸೆನ್ಸಾರರು ಪ್ರಜೆಗಳ ಮತ್ತು ಆಸ್ತಿಯ ಗಣತಿ ನಡೆಸುತ್ತಿದ್ದರು. ನಡತೆಗೆಟ್ಟವರ ಹೆಸರಿನ ಪಕ್ಕ ಗುರುತು ಹಾಕುತ್ತಿದ್ದರು. ಸೆನೆಟ್ ಸದಸ್ಯರನ್ನೂ ಪಟ್ಟಿಯಿಂದ ಕೈಬಿಡುವ ಅಧಿಕಾರ ಅವರಿಗಿತ್ತು. ‘ಸೆನ್ಸಸ್’, ಸಿನಿಮಾದ ‘ಸೆನ್ಸಾರ್’ ಕೂಡ ‘ಸೆನ್ಶರ್’ನ ಬಳಗದವೇ.

ಅಮೆರಿಕದ ಸೆನೆಟ್ 1834ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್‌ಗೆ ‘ಸೆನ್ಶರ್’ ನಿರ್ಣಯದ ಮೂಲಕ ಛೀಮಾರಿ ಹಾಕಿ, 1837ರಲ್ಲಿ ಆ ನಿರ್ಣಯವನ್ನು ಕಡತದಿಂದ ತೆಗೆದುಹಾಕಿತು.

ನಮ್ಮ ಲೋಕಸಭೆಯಲ್ಲಿ ಖಂಡನಾ ನಿರ್ಣಯಕ್ಕೆ ಕಾರಣ ಹೇಳಲೇಬೇಕು. ಅವಿಶ್ವಾಸ ನಿರ್ಣಯಕ್ಕೆ ಬೇಕಿಲ್ಲ.