ಪಿಕಪ್‌ನ ಪ್ಲಾಸ್ಟಿಕ್ ಕಡದವರು ಯಾರು?

ನಿಪ್ಪಾಣಿ ಮಂದಿ, ಇಲ್ಲಿ ನೋಡ್ರಿ. ರಾತ್ರಿ ಕಬ್ಬಿನ ಹೊಲದ ಬಾಜೂಕ ಪಿಕಪ್ ನಿಲ್ಲಿಸಿದ್ರಿ. ಮುಂಜಾನೆ ಗ್ಲಾಸಿಗೆ ನೀರ ಹಾರವಲ್ದು, ಬಾನೆಟ್ ಒಳಗ ಪೈಪಿನ ತುಂಡು ಬಿದ್ದಾವ. ಯಾರೋ ಬೇಕಂತ ಮಾಡ್ಯಾರ ಅಂತ ಬಾಜೂ ಮನಿಯವರ ಮ್ಯಾಲೆ ಸಂಶಯ ಪಡಬ್ಯಾಡ್ರಿ. ಮೊದಲ ಟಾರ್ಚ್ ಹಿಡದು ತುಂಡಾದ ಅಂಚು ನೋಡ್ರಿ.

ಅಂಚಿನ್ಯಾಗ ಜೋಡಿ ಗೀರು, ಕೆಳಗ ಕರೇ ಹಿಕ್ಕಿ ಇದ್ರ ಅದು ಇಲಿ ಕೆಲಸ. ಇಲಿಯ ಮುಂದಿನ ಹಲ್ಲು ಸಾಯೂತನಕ ಬೆಳೀತಾವ, ಸವಿಸಾಕ ಅದು ಏನರ ಕಡೀಲೇಬೇಕು. ಕಬ್ಬು ಕಡದ ಮ್ಯಾಲಂತೂ ಹೊಲದಾಗ ಮರೆ ಇರೂದಿಲ್ಲ, ಬೆಚ್ಚಗಿನ ಎಂಜಿನ್ ಅದಕ್ಕ ಚಲೋ ಜಾಗಾ. ವೈರಿನ ಹೊದಿಕಿ ಕಡದಿದ್ರ ಗಾಡಿ ಚಾಲೂ ಮಾಡಬ್ಯಾಡ್ರಿ. ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಎಲೆಕ್ಟ್ರಿಷಿಯನ್‌ಗೆ ತೋರಸ್ರಿ. ಹಿಕ್ಕಿ ಬರಿಗೈಲೆ ಮುಟ್ಟಬ್ಯಾಡ್ರಿ.

ಗೀರಿಲ್ಲ, ಕರೇ ಬಂಪರ್ ಬೆಳ್ಳಗಾಗಿ ಬೆರಳಿಗೆ ಪುಡಿ ಹತ್ತತೈತಿ? ಅದು ಬಿಸಲು. ಹೆಡ್‌ಲೈಟ್ ಮ್ಯಾಲೆ ಸಣ್ಣ ಸಣ್ಣ ಬಿರುಕು ಇದ್ರ, ಪೆಟ್ರೋಲೋ ಥಿನ್ನರೋ ಹಚ್ಚಿ ಒರಸೀರೇನು, ನೆನಪು ಮಾಡ್ಕೊಳ್ರಿ. ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಅದನ್ನ ತಡ್ಯಾಂಗಿಲ್ಲ. ಅಂಚು ಕರಗಿ ಜೋತಿದ್ರ ಸೈಲೆನ್ಸರ್ ಕಾವು.

ತಂಬಾಕು ನಮ್ಮ ಭಾಗದ ಬೆಳಿ, ಇಲಿ ಬರಬಾರದಂತ ಬಾನೆಟ್ ಒಳಗ ಎಲಿ ಇಡೂ ಮಂದಿನೂ ಅದಾರ. ವಾಸನಿ ಹೋದ ಮ್ಯಾಲೆ ಅದರಿಂದ ಉಪಯೋಗಿಲ್ಲ. ಒಣಾ ಎಲಿ ಕಾದ ಮ್ಯಾನಿಫೋಲ್ಡ್ ಮ್ಯಾಲೆ ಬಿದ್ರ ಬೆಂಕಿಗೆ ದಾರಿ. ಅದರ ಬದಲಿ ಗಾಡ್ಯಾಗ ಚೆಲ್ಲಿದ ಜೋಳ, ಶೇಂಗಾ ಅವತ್ತೇ ಗುಡಸ್ರಿ, ಹುಲ್ಲು-ರವದಿಯಿಂದ ದೂರ ನಿಲ್ಲಸ್ರಿ, ದಿನಾ ಮುಂಜಾನೆ ಕೀಲಿ ತಿರುವೂ ಮೊದಲ ಒಮ್ಮೆ ಬಾನೆಟ್ ಎತ್ತಿ ನೋಡ್ರಿ.