ಹಾಮಾನನ ಜೇಬು

ಹಾಮಾನ್‌ತಾಶ್ ಯಹೂದಿಗಳ ಪೂರಿಮ್ ಹಬ್ಬದ ತಿಂಡಿ: ಹೂರಣ ತುಂಬಿದ, ಮೂರು ಮೂಲೆಯ ಬಿಸ್ಕತ್ತು. ಕಡುಬಿನಂತೆ ಪೂರ್ತಿ ಮುಚ್ಚಿರುವುದಿಲ್ಲ. ನಡುವೆ ಹೂರಣ ಇಣುಕುವಷ್ಟು ಬಾಯಿ ಬಿಟ್ಟಿರುತ್ತದೆ. ಪೂರಿಮ್ ಬರುವುದು ಹೀಬ್ರೂ ಪಂಚಾಂಗದ ಅದಾರ್ ತಿಂಗಳ 14ರಂದು, ಜೆರುಸಲೇಮಿನಲ್ಲಿ 15ರಂದು. ಹೆಚ್ಚಿನ ವರ್ಷ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲೇ.

ಹಬ್ಬದ ಹಿಂದಿರುವುದು ಬೈಬಲಿನ ಎಸ್ತೇರಳ ಕಥೆ. ಪರ್ಷಿಯಾದ ಮಂತ್ರಿ ಹಾಮಾನ ರಾಜ್ಯದ ಯಹೂದಿಗಳನ್ನೆಲ್ಲ ಕೊಲ್ಲಿಸಲು ಚೀಟಿ ಹಾಕಿ ದಿನ ಗೊತ್ತುಮಾಡುತ್ತಾನೆ. ಆ ಚೀಟಿಗೆ ‘ಪೂರ್’ ಎಂದು ಹೆಸರು. ರಾಣಿ ಎಸ್ತೇರಳಿಂದ ಸಂಚು ಮುರಿದು, ತಾನೇ ನಿಲ್ಲಿಸಿದ್ದ ಗಲ್ಲುಗಂಬವನ್ನು ಹಾಮಾನನೇ ಏರಬೇಕಾಗುತ್ತದೆ.

ಖಳನ ಹೆಸರು ತಿಂಡಿಗೆ ಅಂಟಿದ್ದು ಮಾತಿನ ಚಮತ್ಕಾರದಿಂದ. ಜರ್ಮನ್ನರ ‘ಮೋನ್‌ತಾಶೆ’ ಎಂದರೆ ಗಸಗಸೆ ಜೇಬು. ಯಿಡ್ಡಿಷ್ ಆಡುವವರ ಬಾಯಲ್ಲಿ ಅದು ಹಾಮಾನನ ಜೇಬಾಯಿತು. ಇಸ್ರೇಲಿನಲ್ಲಿ ಇದನ್ನೇ ಹಾಮಾನನ ಕಿವಿ ಎನ್ನುತ್ತಾರೆ. ಮೂರು ಮೂಲೆ ಅವನ ಟೋಪಿಯದೆಂಬ ಮಾತೂ ಉಂಟು. ಪರ್ಷಿಯಾದ ಮಂತ್ರಿಗೆ ಯುರೋಪಿನ ಟೋಪಿ ತೊಡಿಸುವ ಈ ವಿವರಣೆ ಮಕ್ಕಳಿಗೆ ಹೇಳಲಷ್ಟೇ ಚೆನ್ನ.

ಹಳೆಯ ಹೂರಣ ಗಸಗಸೆಯದೇ. ಆದರೆ ನಮ್ಮ ಪಾಯಸದ ಬಿಳಿ ಗಸಗಸೆಯಲ್ಲ, ಮಧ್ಯ ಯುರೋಪಿನ ನೀಲಿಗಪ್ಪು ಕಾಳು. ಅದನ್ನು ಪುಡಿಮಾಡಿ ಹಾಲು, ಜೇನುತುಪ್ಪ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ, ನಿಂಬೆ ಸಿಪ್ಪೆಯ ತುರಿ ಬೆರೆಸುತ್ತಾರೆ. ಪ್ಲಮ್ ಹಣ್ಣನ್ನು ಮಂದವಾಗಿ ಕಾಯಿಸಿದ ‘ಪೊವಿಡ್ಲ್’ ಇನ್ನೊಂದು ಹೂರಣ. 1731ರಲ್ಲಿ ಬೊಹೆಮಿಯಾದ ಯಹೂದಿ ವ್ಯಾಪಾರಿ ಡೇವಿಡ್ ಬ್ರಾಂಡೈಸ್ ಮಾರಿದ ಪ್ಲಮ್ ಜಾಮಿನಲ್ಲಿ ವಿಷವಿತ್ತೆಂಬ ಆರೋಪ ಬಂತು. ಅದು ಸುಳ್ಳೆಂದು ತೀರ್ಮಾನವಾಗಿ ಅವನು ಬಿಡುಗಡೆಯಾದ ನೆನಪಿಗೆ ಆ ಮನೆತನ ‘ಪೊವಿಡ್ಲ್ ಪೂರಿಮ್’ ಆಚರಿಸಿತು. ಈಗ ಏಪ್ರಿಕಾಟ್, ಖರ್ಜೂರ, ಚಾಕೊಲೇಟ್ ಎಲ್ಲವೂ ಸಲ್ಲುತ್ತವೆ.

ಹಿಂದೆ ಕಣಕವನ್ನು ಯೀಸ್ಟ್ ಹಾಕಿ ಹುದುಗಿಸುತ್ತಿದ್ದರು. ಈಗ ಮೈದಾ, ಮೊಟ್ಟೆ, ಸಕ್ಕರೆ, ಬೇಕಿಂಗ್ ಪೌಡರಿನ ಬಿಸ್ಕತ್ತಿನ ಹಿಟ್ಟೇ ಹೆಚ್ಚು. ಮಾಂಸದೂಟದ ಜೊತೆ ಹಾಲಿನ ಪದಾರ್ಥ ನಿಷಿದ್ಧವಾದ್ದರಿಂದ ಅನೇಕರು ಬೆಣ್ಣೆ ಬಿಟ್ಟು ಎಣ್ಣೆ ಹಾಕುತ್ತಾರೆ. ಕೈಚಳಕ ಬೇಕಾಗುವುದು ಮಡಚುವಾಗ. ಲಟ್ಟಿಸಿದ ಹಿಟ್ಟಿನಲ್ಲಿ ಅಂಗೈಗಿಂತ ಚಿಕ್ಕ ಬಿಲ್ಲೆ ಒತ್ತಿ, ನಡುವೆ ಒಂದು ಚಮಚ ಹೂರಣ ಇಡಬೇಕು. ಆಸೆಪಟ್ಟು ಎರಡು ಚಮಚ ಇಟ್ಟರೆ ಒಲೆಯಲ್ಲಿ ಉಕ್ಕಿ ತಟ್ಟೆಗೆ ಹತ್ತುತ್ತದೆ. ಬಳಿಕ ಮೂರು ಬದಿಯನ್ನು ಮೇಲೆತ್ತಿ ಮೂಲೆಗಳನ್ನು ಬಲವಾಗಿ ಚಿವುಟಬೇಕು. ಹಿಟ್ಟು ಬೆಚ್ಚಗಿದ್ದರೆ ಎಷ್ಟು ಚಿವುಟಿದರೂ ಮೂಲೆ ಬಿಚ್ಚಿ, ತ್ರಿಕೋನ ಮತ್ತೆ ಬಿಲ್ಲೆಯಾಗುತ್ತದೆ. ಅದಕ್ಕೇ ಬೇಯಿಸುವ ಮೊದಲು ಫ್ರಿಜ್ಜಿನಲ್ಲಿಡುವುದು. 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಕಾಲು ಗಂಟೆ ಸಾಕು. ಅಂಚು ಹೊಂಬಣ್ಣಕ್ಕೆ ತಿರುಗಿದೊಡನೆ ತೆಗೆಯಬೇಕು.

ಪೂರಿಮ್ ದಿನ ಕನಿಷ್ಠ ಒಬ್ಬರಿಗಾದರೂ ಎರಡು ಬಗೆಯ ತಿನಿಸು ಕಳುಹಿಸಬೇಕೆಂಬ ನಿಯಮವಿದೆ. ಒಂದು ಹಣ್ಣೋ ದ್ರಾಕ್ಷಾರಸವೋ ಆದರೆ, ಇನ್ನೊಂದು ಸಾಮಾನ್ಯವಾಗಿ ಹಾಮಾನ್‌ತಾಶ್.