ಹೊಸ ಊರು ಒಗ್ಗಲು 21 ದಿನ ಸಾಕೇ?

‘ಹೊಸ ಊರಿಗೆ ಹೋದವರು 21 ದಿನ ತಡೆದುಕೊಳ್ಳಿ. 22ನೇ ದಿನ ಅದು ನಿಮ್ಮದೇ ಊರು. ಇದು ವಿಜ್ಞಾನ.’

ಕೆಲಸಕ್ಕೆಂದು ಸಾಗರದಿಂದ ರಾಮನಗರಕ್ಕೆ ಬಂದ ವಾರವೇ ಅಮ್ಮ ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ನಾನು ಕ್ಯಾಲೆಂಡರ್ ನೋಡಿ ದಿನ ಎಣಿಸಿದೆ. 22ನೇ ದಿನ ಬೆಳಿಗ್ಗೆ ಎದ್ದಾಗಲೂ ಊರು ಪರಊರೇ ಆಗಿತ್ತು. ಎಲ್ಲರಿಗೂ ಆಗುವುದು ನನಗೆ ಆಗುತ್ತಿಲ್ಲವೆಂದರೆ ನನ್ನಲ್ಲೇ ಏನೋ ಕೊರತೆ ಇರಬೇಕು ಅನ್ನಿಸಿತು. ಕೊಟ್ಟ ಅಡ್ವಾನ್ಸ್ ವಾಪಸ್ ಕೇಳಿ ಮನೆ ಖಾಲಿ ಮಾಡುವ ಯೋಚನೆಯೂ ಬಂತು. ಆಮೇಲೆ ಈ 21 ಎಲ್ಲಿಂದ ಬಂತು ಎಂದು ಹುಡುಕಿದೆ.

ಬಂದಿದ್ದು ಒಬ್ಬ ಪ್ಲಾಸ್ಟಿಕ್ ಸರ್ಜನ್‌ನಿಂದ. ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ‘ಸೈಕೋ ಸೈಬರ್ನೆಟಿಕ್ಸ್’ ಎಂಬ ಪುಸ್ತಕ ಬರೆದರು. ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನವಾದರೂ ಬೇಕು, ಹೊಸ ಮನೆ ಮನೆ ಅನ್ನಿಸಲೂ ಸುಮಾರು ಮೂರು ವಾರ ಬೇಕು ಎಂದು ಅದರಲ್ಲಿ ಹೇಳಿದ್ದರು. ಅದು ಒಬ್ಬ ವೈದ್ಯರು ಕಂಡುಕೊಂಡ ಮಾತು, ಪ್ರಯೋಗವಲ್ಲ. ಫಾರ್ವರ್ಡ್ ಆಗುತ್ತಾ ಆಗುತ್ತಾ ‘ಕನಿಷ್ಠ’ ಉದುರಿಹೋಯಿತು, 21 ಮಾತ್ರ ಉಳಿಯಿತು.

ನಿಜವಾಗಿ ಅಳೆದವರೂ ಇದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ವರದಿ ಪ್ರಕಟಿಸಿದರು. ದಿನಾ ನೀರು ಕುಡಿಯುವುದು, ನಡೆಯುವುದು ಇಂಥ ಸಣ್ಣ ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಹಿಡಿದ ಕಾಲದ ಮಧ್ಯಮ ಲೆಕ್ಕ 66 ದಿನ. ವ್ಯತ್ಯಾಸ 18 ದಿನದಿಂದ 254 ದಿನದವರೆಗೆ. ಒಂದು ಲೋಟ ನೀರಿಗೇ ಈ ಪಾಡಾದರೆ ಇಡೀ ಊರಿಗೆ ಗಡುವು ಹಾಕುವವರು ಯಾರು?

ಹಾಗಂತ ಒಗ್ಗುವುದು ಸುಳ್ಳಲ್ಲ. ಆದರೆ ಅದಕ್ಕೆ ಫಾರ್ವರ್ಡ್ ಹೇಳದ ಇನ್ನೊಂದು ಮುಖ ಇದೆ. ರಾಮನಗರದಲ್ಲಿ ಏಷ್ಯಾದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲೊಂದಿದೆ. ಅದರ ಜೊತೆಗೆ ಗೂಡು ಬೇಯಿಸಿ ನೂಲು ಬಿಚ್ಚುವ ಘಟಕಗಳೂ ಇವೆ. ಬೆಂದ ಹುಳುವಿನ ಆ ವಾಸನೆಗೆ ಮೊದಲ ವಾರ ನಾನು ಕಿಟಕಿಯನ್ನೇ ತೆರೆಯುತ್ತಿರಲಿಲ್ಲ. ಮನೆ ಓನರ್ ಅಮ್ಮನನ್ನು ಕೇಳಿದರೆ, “ಯಾವ ವಾಸ್ನೆ ಕಣವ್ವ?” ಅಂದರು. ಒಂದೇ ವಾಸನೆ ಬರುತ್ತಲೇ ಇದ್ದರೆ ಮೂಗು ಮತ್ತು ಮಿದುಳು ಅದಕ್ಕೆ ಸ್ಪಂದಿಸುವುದನ್ನು ತಗ್ಗಿಸುತ್ತವೆ. ಹೊಸದೇನಾದರೂ ಬಂದರೆ ತಿಳಿಯಲಿ ಎಂಬ ಏರ್ಪಾಡು ಇದು. ತೊಂದರೆ ಏನೆಂದರೆ, ಕಣ್ಣಿಗೂ ಮನಸ್ಸಿಗೂ ಆಗುವುದು ಹೆಚ್ಚುಕಡಿಮೆ ಇದೇ. ಬೇಸರದ ಜೊತೆ ಬೆರಗೂ ತಗ್ಗುತ್ತದೆ. ‘ಶೋಲೆ’ ಚಿತ್ರೀಕರಣವಾದ ಬೆಟ್ಟ ಹತ್ತಿಬಂದೆ ಎಂದಾಗ ಅದೇ ಓನರ್ ಅಮ್ಮ ಹೇಳಿದ್ದು: “ಅದ್ರಾಗೇನೈತವ್ವ ನೋಡಕ್ಕೆ, ಬಂಡೆ ಐತೆ.”

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಲೇತಿನ ಮುಂದೆ ನಾನು ಅರ್ಧ ಗಂಟೆ ನಿಂತುಬಿಟ್ಟೆ. ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚವೂ ಇಲ್ಲ, ಬೆಂಕಿಯೂ ಇಲ್ಲ. ಪಕ್ಕದ ಅಂಗಡಿಯವರಿಗೆ ಅದು ಬರೀ ಶಬ್ದ.

ಮಾಗಡಿಗೆ ಮೊದಲ ಸಲ ಬಸ್ಸಿನಲ್ಲಿ ಹೋದಾಗ ದಾರಿ ಮುಗಿಯಲೇ ಇಲ್ಲ, ಬರುವಾಗ ಕಣ್ಣು ಮಿಟುಕಿಸುವಷ್ಟರಲ್ಲಿ ರಾಮನಗರ. ಇದು ನಿಮಗೂ ಆಗಿರುತ್ತದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2011ರಲ್ಲಿ ಇದನ್ನು ಪರೀಕ್ಷಿಸಿದರು. ಅಷ್ಟೇ ದೂರದ ಬೇರೆ ದಾರಿಯಲ್ಲಿ ವಾಪಸಾದವರಿಗೂ ಪ್ರಯಾಣ ಚಿಕ್ಕದೆನಿಸಿತ್ತು. ಅಂದರೆ ದಾರಿಯ ಪರಿಚಯವೊಂದೇ ಕಾರಣವಲ್ಲ. ಹೋಗುವಾಗ ಬೇಗ ತಲುಪುತ್ತೇವೆ ಅಂದುಕೊಂಡು ಮೋಸ ಹೋಗುತ್ತೇವೆ, ಬರುವಾಗ ಮನಸ್ಸು ಉದ್ದದ ದಾರಿಗೆ ಸಿದ್ಧವಾಗಿರುತ್ತದೆ.

ಇನ್ನು ಸುತ್ತಾಡಿದರೆ ಖುಷಿ ಹೆಚ್ಚುತ್ತದೆಯೇ? ನ್ಯೂಯಾರ್ಕ್ ಮತ್ತು ಮಿಯಾಮಿಯಲ್ಲಿ ಜನರ ಓಡಾಟವನ್ನು ಜಿಪಿಎಸ್ ಮೂಲಕ ಕೆಲವು ತಿಂಗಳು ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಜಾಗಗಳಿಗೆ ಹೋದ ದಿನ ಜನ ಹೆಚ್ಚು ಲವಲವಿಕೆಯಿಂದ ಇರುವುದಾಗಿ ಹೇಳಿದ್ದರು. ಆದರೆ ಖುಷಿಯಾಗಿದ್ದವರೇ ಹೆಚ್ಚು ತಿರುಗುತ್ತಿದ್ದರು ಎಂಬುದೂ ಅದರಲ್ಲೇ ಕಂಡಿತ್ತು. ಹಾಗಾಗಿ ‘ಊರು ಬಿಟ್ಟರೆ ಸುಖ’ ಎಂದು ಇದನ್ನು ಇನ್ನೊಂದು ಫಾರ್ವರ್ಡ್ ಮಾಡಬೇಡಿ.

ನನಗಂತೂ ರಾಮನಗರ ಹಿಡಿಸಿದ್ದು ಒಂದು ಭಾನುವಾರ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ. ನಮ್ಮೂರ ಸೇತುವೆ ಕೆಳಗೆ ಸೊರಗಿ ಹರಿಯುವ ಅರ್ಕಾವತಿ ಅಲ್ಲಿ ಕಾವೇರಿಗೆ ಸೇರುತ್ತಿತ್ತು. ‘ನಮ್ಮೂರ’ ಅಂತ ಬರೆದುಬಿಟ್ಟೆ ನೋಡಿ! ಬಂದು ಐದನೇ ತಿಂಗಳು ಅದು.

ಒಂದು ಎಚ್ಚರಿಕೆ. ಮನೆ ನೆನಪಾಗಿ ಅಳು ಬರುವುದು ಸಹಜ. ಆದರೆ ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟು, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ 22ನೇ ದಿನಕ್ಕೆ ಕಾಯಬೇಡಿ. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಕಳೆದ ತಿಂಗಳು ಅಮ್ಮ ಮೊದಲ ಸಲ ಇಲ್ಲಿಗೆ ಬಂದರು. ಆಟೋ ಇಳಿಯುತ್ತಿದ್ದಂತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಎಂಥದೇ ಇದು ವಾಸನೆ?” ಅಂದರು.

“ಯಾವ ವಾಸನೆ ಅಮ್ಮಾ?” ಅಂದೆ.